ಶ್ರುತಿಯವರು, ಲಯದವರು

ಮಳೆಗಾಲದಲ್ಲಿ ನಮ್ಮ ಕಡೆ ವೆಬರ್ನ್‌ನನ್ನು ಕೇಳಲಾಗದು. ಆಸ್ಟ್ರಿಯಾದ ಸಂಗೀತ ರಚನೆಕಾರ ಆಂಟನ್ ವೆಬರ್ನ್ 1911ರಿಂದ 1913ರ ನಡುವೆ ಸ್ಟ್ರಿಂಗ್ ಕ್ವಾರ್ಟೆಟ್‌ಗೆಂದು ಬರೆದ ‘ಆರು ಬಾಗಟೆಲ್‌ಗಳು’ ಎಂಬ ಪುಟ್ಟ ರಚನೆಗಳು ಎಲ್ಲ ಸೇರಿ ನಾಲ್ಕು ನಿಮಿಷದ ಆಸುಪಾಸು. ಎರಡು ಪಿಟೀಲು, ಒಂದು ವಿಯೋಲಾ, ಒಂದು ಚೆಲ್ಲೊ. ಅದರಲ್ಲೂ ಬಹುಪಾಲು ಪಿಸುಮಾತಿಗಿಂತ ಮೆಲ್ಲಗೆ: ತಂತಿಗಳನ್ನು ಎತ್ತಿ ಹಿಡಿಯುವ ಕುದುರೆಯ ಹತ್ತಿರ ಕಮಾನು ತಂತಿಯನ್ನು ಸೋಕಿ ಹೋದ ಸದ್ದು, ಬೆರಳಿನಿಂದ ಮೀಟಿದ ಒಂದು ಸ್ವರ, ಆಮೇಲೆ ಮೌನ. ತೀರ್ಥಹಳ್ಳಿಯ ಆಚೆ ಹೆಂಚಿನ ಮಾಡಿನ ಮೇಲೆ ಆಷಾಢದ ಮಳೆ ಹೊಯ್ಯುವಾಗ ಇದರಲ್ಲಿ ಅರ್ಧವೂ ಕಿವಿಗೆ ಬೀಳುವುದಿಲ್ಲ. ಅಮೆರಿಕದ ಸ್ಟೀವ್ ರೈಶ್‌ನ ಸಂಗೀತಕ್ಕೆ ಆ ತೊಂದರೆಯಿಲ್ಲ. ಮರದ ಪಟ್ಟಿಗಳ ಮಾರಿಂಬಾ, ಪಿಯಾನೊಗಳ ಬಡಿತ ಮಳೆಯ ಒಳಗೇ ದಾರಿ ಮಾಡಿಕೊಂಡು ಬರುತ್ತದೆ. ಹೀಗಾಗಿ ನಮ್ಮ ಮನೆಯಲ್ಲಿ ಚಿಕ್ಕ ಸ್ವರಗುಂಪನ್ನೇ ಮತ್ತೆ ಮತ್ತೆ ನುಡಿಸಿ ನಿಧಾನವಾಗಿ ಬದಲಿಸುವ ಮಿನಿಮಲಿಸ್ಟರಿಗೆ ಮಳೆಗಾಲ, ಹಳೆಯ ಸ್ವರನಿಯಮಗಳನ್ನು ಬಿಟ್ಟು ಹೊರಟ ನವ್ಯರಿಗೆ ಚಳಿಗಾಲ ಎಂದು ತಾನಾಗಿಯೇ ಪಾಲಾಗಿದೆ. ಕೇಳುವವರ ಮನಸ್ಸು ಮಾತ್ರ ಅಷ್ಟು ಸಲೀಸಾಗಿ ಪಾಲಾಗಲಿಲ್ಲ. ಅದು ಒಡೆದ ಬಗೆಯನ್ನು ಕುರಿತು ಬರೆಯಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ.

ನಾವೇನೂ ಹೆಚ್ಚು ಮಂದಿಯಲ್ಲ. ಮೃದಂಗ ನುಡಿಸುವ ಸೋದರಮಾವ, ಗಮಕ ವಾಚನ ಮಾಡುವ ಅತ್ತಿಗೆ, ಶಿವಮೊಗ್ಗದಲ್ಲಿ ಎಂಜಿನಿಯರಿಂಗ್ ಓದುತ್ತಾ ಗಿಟಾರ್ ನುಡಿಸುವ ಅಣ್ಣನ ಮಗ, ಬ್ಯಾಂಕಿನಿಂದ ನಿವೃತ್ತರಾಗಿ ವಿನೋಬನಗರದಲ್ಲಿ ನೆಲೆಸಿರುವ ಗೆಳೆಯರೊಬ್ಬರು. ಈ ಗೆಳೆಯರನ್ನು ನಾವೆಲ್ಲ ರಾಯರು ಎನ್ನುತ್ತೇವೆ. ಮುಂಬಯಿಯಲ್ಲಿ ಕೆಲಸದಲ್ಲಿದ್ದಾಗ ಅವರಿಗೆ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಹುಚ್ಚು ಹಿಡಿಯಿತು, ಇಂದಿಗೂ ಬಿಟ್ಟಿಲ್ಲ. ಹಬ್ಬವೋ ರಜೆಯೋ ಅಡಿಕೆಯ ಕೊನೆಕೊಯ್ಲು ಮುಗಿದ ಬಿಡುವೋ ಒದಗಿದಾಗ ಎಲ್ಲರೂ ನಮ್ಮ ಮನೆಯಲ್ಲಿ ಸೇರುತ್ತೇವೆ. ಊಟವಾಗಿ, ಕವಳ ಹಾಕಿ ಜಗಲಿಯಲ್ಲಿ ಕೂತ ಮೇಲೆ ರಾಯರು ತಮ್ಮ ಚೀಲ ಬಿಚ್ಚುತ್ತಾರೆ.

ಮೊದಮೊದಲು ಜಗಳ ಎಲ್ಲ ಕಡೆ ನಡೆಯುವ ರೀತಿಯಲ್ಲೇ ನಡೆಯಿತು. ರಾಯರದು ನವ್ಯರ ಪಕ್ಷ: ಷೋನ್‌ಬರ್ಗ್, ವೆಬರ್ನ್, ಬಾರ್ತೋಕ್, ಎಲಿಯಟ್ ಕಾರ್ಟರ್. ಹುಡುಗನದು ಮಿನಿಮಲಿಸ್ಟರ ಪಕ್ಷ: ಟೆರ್ರಿ ರೈಲಿ, ರೈಶ್, ಫಿಲಿಪ್ ಗ್ಲಾಸ್. “ಎರಡು ನಿಮಿಷದಲ್ಲಿ ಮುಗಿಯಬೇಕಾದ್ದನ್ನು ಇಪ್ಪತ್ತು ನಿಮಿಷ ಎಳೆಯುತ್ತಾರೆ, ಕೇಳುವವರ ಬುದ್ಧಿಗೆ ಕೆಲಸವೇ ಇಲ್ಲ” ಎಂದು ರಾಯರು. “ನಿಮ್ಮವರು ಕೇಳುವವರಿಗಾಗಿ ಬರೆಯಲೇ ಇಲ್ಲ ರಾಯರೇ, ಒಬ್ಬರು ಇನ್ನೊಬ್ಬರಿಗೆ ತೋರಿಸಿಕೊಳ್ಳಲು ಬರೆದರು” ಎಂದು ಹುಡುಗ. ಅವನ ಮಾತಿಗೆ ಆಧಾರವಿಲ್ಲದೆ ಇಲ್ಲ. 1958ರಲ್ಲಿ ಅಮೆರಿಕದ ಸಂಗೀತ ರಚನೆಕಾರ ಮಿಲ್ಟನ್ ಬ್ಯಾಬಿಟ್ ಒಂದು ಲೇಖನ ಬರೆದ. ಉನ್ನತ ಭೌತಶಾಸ್ತ್ರ ಜನಸಾಮಾನ್ಯರಿಗೆ ತಿಳಿಯಬೇಕೆಂದು ಯಾರೂ ಕೇಳುವುದಿಲ್ಲ, ಹೊಸ ಸಂಗೀತಕ್ಕೂ ಅದೇ ಸ್ವಾತಂತ್ರ್ಯ ಬೇಕು, ವಿಶ್ವವಿದ್ಯಾಲಯಗಳು ಅದಕ್ಕೆ ಆಶ್ರಯ ಕೊಡಬೇಕು ಎಂಬುದು ಅದರ ವಾದ. ‘ನೀವು ಕೇಳಿದರೆಷ್ಟು ಬಿಟ್ಟರೆಷ್ಟು’ ಎಂಬ ಅರ್ಥದ ತಲೆಬರಹವನ್ನು ಕೊಟ್ಟದ್ದು ಪತ್ರಿಕೆಯವರು, ಬ್ಯಾಬಿಟ್ ಅಲ್ಲ. ಆದರೂ ಆ ತಲೆಬರಹ ಇಡೀ ನವ್ಯ ಸಂಗೀತದ ಹಣೆಗೆ ಅಂಟಿಕೊಂಡು ಉಳಿದುಬಿಟ್ಟಿತು. ಮುಂದಿನ ದಶಕದಲ್ಲಿ ಇನ್ನೊಂದು ಕಡೆ ರೈಶ್, ಗ್ಲಾಸ್ ವಿಶ್ವವಿದ್ಯಾಲಯಗಳ ಹೊರಗೆ ಟ್ಯಾಕ್ಸಿ ಓಡಿಸಿ, ಜನರ ಮನೆಸಾಮಾನು ಸಾಗಿಸಿ ತಮ್ಮ ಮೇಳಗಳನ್ನು ಕಟ್ಟುವ ದಾರಿ ಹಿಡಿಯಲಿದ್ದರು. ಗ್ಲಾಸ್ ಕೊಳಾಯಿ ರಿಪೇರಿಯನ್ನೂ ಮಾಡಿದ. 1976ರಲ್ಲಿ ಅವನ ಆಪೆರಾ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಆಪೆರಾ ಹೌಸಿನಲ್ಲಿ ತುಂಬಿದ ಸಭೆಯ ಮುಂದೆ ನಡೆದ ಮೇಲೂ ಟ್ಯಾಕ್ಸಿ ಓಡಿಸುವುದು ಅವನಿಗೆ ತಪ್ಪಲಿಲ್ಲ.

ಇದರಿಂದ ಮಿನಿಮಲಿಸ್ಟರು ಜನರ ಪರ, ನವ್ಯರು ಜನರಿಗೆ ಬೆನ್ನು ಹಾಕಿದವರು ಎಂಬ ತೀರ್ಮಾನಕ್ಕೆ ಬರುವುದು ಸುಲಭ. ಜನ ಮಾತ್ರ ಇಬ್ಬರಿಗೂ ಕೂಗು ಹಾಕಿದ್ದಾರೆ. 1908ರ ಡಿಸೆಂಬರ್ 21ರಂದು ವಿಯೆನ್ನಾದಲ್ಲಿ ರೋಸೆ ಕ್ವಾರ್ಟೆಟ್‌ನವರು ಷೋನ್‌ಬರ್ಗ್‌ನ ಎರಡನೆಯ ಕ್ವಾರ್ಟೆಟ್ ನುಡಿಸಿದಾಗ ಸಭೆಯಲ್ಲಿ ನಗು, ಗದ್ದಲ. 1973ರ ಜನವರಿ 18ರಂದು ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ರೈಶ್‌ನ ‘ಫೋರ್ ಆರ್ಗನ್ಸ್’ ನುಡಿಸಿದಾಗಲೂ ಅದೇ ಕತೆ. ನಾಲ್ಕು ಎಲೆಕ್ಟ್ರಿಕ್ ಆರ್ಗನ್ನುಗಳು, ಬಿಡದೆ ಗಿಲಕುವ ಮರಾಕಸ್, ಇಷ್ಟಿಷ್ಟೇ ಉದ್ದವಾಗುತ್ತಾ ಹೋಗುವ ಒಂದೇ ಒಂದು ಸ್ವರಗುಚ್ಛ, ಅಂದರೆ ಒಟ್ಟಿಗೆ ನುಡಿಯುವ ಕೆಲವು ಸ್ವರ. ಜನರ ಕೂಗಾಟದಲ್ಲಿ ನುಡಿಸುವವರಿಗೆ ಲೆಕ್ಕ ತಪ್ಪಿ, ಎಲ್ಲಿದ್ದೇವೆಂದು ಅವರಲ್ಲೊಬ್ಬನಾದ ಮೈಕಲ್ ಟಿಲ್ಸನ್ ಥಾಮಸ್ ಉಳಿದವರಿಗೆ ಕೂಗಿ ಹೇಳಬೇಕಾಯಿತಂತೆ. ಮಧುರವಾದದ್ದನ್ನು ಮೆಚ್ಚುವವರು, ಕಠಿಣವಾದದ್ದನ್ನು ಮೆಚ್ಚುವವರು ಎಂದು ಕೇಳುಗರನ್ನು ಎರಡು ಮಾಡಿದರೆ ಈ ಎರಡನೆಯ ಗದ್ದಲಕ್ಕೆ ಉತ್ತರ ಸಿಗುವುದಿಲ್ಲ. ಆ ಸ್ವರಗುಚ್ಛದಲ್ಲಿ ಕಿವಿಗೆ ಚುಚ್ಚುವಂಥದ್ದು ಏನೂ ಇರಲಿಲ್ಲ.

ನನಗೆ ಉತ್ತರ ಹೊಳೆದದ್ದು ಮಾವ ಮತ್ತು ಅತ್ತಿಗೆಯ ನಡುವಿನ ಜಗಳದಿಂದ. ಇಬ್ಬರೂ ಪಾಶ್ಚಾತ್ಯ ಸಂಗೀತದ ಇತಿಹಾಸ ಓದಿದವರಲ್ಲ, ಯಾವ ಪಕ್ಷಕ್ಕೂ ಸೇರಿದವರಲ್ಲ. ಕಿವಿ ಮಾತ್ರ ಹರಿತ.

ಅತ್ತಿಗೆಯದು ಶಿವಮೊಗ್ಗದ ಹತ್ತಿರದ ಹೊಸಹಳ್ಳಿಯವರೊಬ್ಬರಲ್ಲಿ ಕಲಿತ ಗಮಕ. ಭಾಮಿನಿ ಷಟ್ಪದಿಯ ಒಂದು ಪದ್ಯವನ್ನು ಅವರು ಓದುವಾಗ ಶ್ರುತಿಪೆಟ್ಟಿಗೆಯ ಷಡ್ಜದಿಂದ ಕೂದಲೆಳೆಯಷ್ಟು ಜಾರಿದರೂ ಮುಖ ಕಿವುಚುತ್ತಾರೆ. ಅವರಿಗೆ ಷೋನ್‌ಬರ್ಗ್‌ನ ಆ ಎರಡನೆಯ ಕ್ವಾರ್ಟೆಟ್ ಕೇಳಿಸಿದೆವು. ಅದು ಎಫ್ ಶಾರ್ಪ್ ಸ್ವರವನ್ನು ಆಧಾರವಾಗಿ ಹಿಡಿದ ಎಫ್ ಶಾರ್ಪ್ ಮೈನರ್‌ನಲ್ಲಿ ಆರಂಭವಾಗುತ್ತದೆ. ಕೊನೆಯ ಎರಡು ಭಾಗಗಳಲ್ಲಿ ನಾಲ್ಕು ವಾದ್ಯಗಳ ಜೊತೆ ಹೆಣ್ಣಿನ ಎತ್ತರದ ಸೊಪ್ರಾನೊ ಕಂಠ ಸೇರುತ್ತದೆ. ನಾಲ್ಕನೆಯ ಭಾಗಕ್ಕೆ ಬರುವಷ್ಟರಲ್ಲಿ ಷೋನ್‌ಬರ್ಗ್ ಆಧಾರಸ್ವರವನ್ನೇ ಕೈಬಿಟ್ಟಿರುತ್ತಾನೆ. ಅಲ್ಲಿ ಹಾಡುವುದು ಜರ್ಮನ್ ಕವಿ ಸ್ಟೆಫಾನ್ ಗೆಯೋರ್ಗ್‌ನ ಸಾಲು: ಬೇರೆ ಗ್ರಹದ ಗಾಳಿ ನನ್ನನ್ನು ಸೋಕುತ್ತಿದೆ ಎಂಬ ಭಾವದ್ದು. ಅತ್ತಿಗೆ ಮೊದಲ ಮೂರು ಭಾಗ ಸುಮ್ಮನೆ ಕೂತು ಕೇಳಿದರು. ನಾಲ್ಕನೆಯದು ಶುರುವಾದದ್ದೇ, “ಷಡ್ಜ ಎಲ್ಲಿ ಹೋಯಿತು ತಮ್ಮಾ? ನಿಲ್ಲುವುದಕ್ಕೆ ನೆಲವೇ ಇಲ್ಲವಲ್ಲ” ಎಂದು ಎದ್ದುಬಿಟ್ಟರು.

ಆಗ ಹುಡುಗನಿಗೆ ಒಂದು ಯೋಚನೆ ಬಂತು. ಅತ್ತಿಗೆಯ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯನ್ನು ನಾಲ್ಕೂವರೆ ಶ್ರುತಿಗೆ, ಅಂದರೆ ಎಫ್ ಶಾರ್ಪ್‌ಗೆ ಇಟ್ಟ. ಸ್ಪೀಕರಿನ ಪಕ್ಕದಲ್ಲಿ ಅದನ್ನು ಮೆಲ್ಲಗೆ ಹಚ್ಚಿ, ನಾಲ್ಕನೆಯ ಭಾಗವನ್ನು ಮಾತ್ರ ಮತ್ತೆ ಹಾಕಿದ. “ಅಮ್ಮ, ನೆಲ ಇಲ್ಲೇ ಇದೆ ಅಂದುಕೊಂಡು ಕೇಳು” ಎಂದ. ರಾಯರಿಗೆ ಅದು ಅಪಚಾರವೆನಿಸಿತು. ನಿಜಕ್ಕೂ ಮೊದಲ ಕೆಲವು ನಿಮಿಷ ಹಿಂಸೆಯಾಗಿತ್ತು: ಚೆಲ್ಲೊದಿಂದ ಮೊದಲ ಪಿಟೀಲಿನವರೆಗೆ ಒಂದರಿಂದೊಂದು ಎತ್ತಿಕೊಂಡು ಏರಿಹೋಗುವ ಆ ತೆಳ್ಳನೆಯ ಎಳೆಗಳು ಶ್ರುತಿಗೆ ತಾಗಿದಲ್ಲೆಲ್ಲ ತುರಿಸುತ್ತಿದ್ದವು. ಕಂಠ ಬಂದ ಮೇಲೆ ಇನ್ನೂ ಹೆಚ್ಚು. ಅತ್ತಿಗೆ ಕಣ್ಣು ಮುಚ್ಚಿ, ಬೆರಳಿನಿಂದ ತೊಡೆಯ ಮೇಲೆ ಏನನ್ನೋ ಹುಡುಕುತ್ತಾ ಕೂತಿದ್ದರು. ಹಾಡು ಮುಗಿದು ಬರೀ ವಾದ್ಯಗಳು ಉಳಿದವು, ನಿಧಾನವಾದವು. ಆ ಭಾಗ ಕೊನೆಯಾಗುವುದು ಎಫ್ ಶಾರ್ಪ್ ಮೇಜರ್ ಸ್ವರಗುಚ್ಛದಲ್ಲಿ. ನಾಲ್ಕೂ ವಾದ್ಯ ಅಲ್ಲಿಗೆ ಬಂದು ಶ್ರುತಿಪೆಟ್ಟಿಗೆಯ ನಾದದೊಳಗೆ ಸೇರಿಹೋದಾಗ ಯಾವುದು ಪೆಟ್ಟಿಗೆ, ಯಾವುದು ಚೆಲ್ಲೊ ಎಂದು ತಿಳಿಯದಾಯಿತು. “ಬಂತು” ಎಂದರು ಅತ್ತಿಗೆ. ಸ್ವಲ್ಪ ಹೊತ್ತಿನ ಮೇಲೆ, “ಇಷ್ಟು ದೂರ ಹೋಗಿ ಬರುವುದಾಗಿದ್ದರೆ ಮೊದಲೇ ಹೇಳಬಾರದಿತ್ತೇ” ಎಂದರು. ಷೋನ್‌ಬರ್ಗ್‌ನನ್ನು ಅವರು ಇಂದಿಗೂ ಒಪ್ಪಿಲ್ಲ. ಆದರೆ ಅಂದಿನಿಂದ ಅವನನ್ನು ಗದ್ದಲ ಎಂದು ಕರೆದಿಲ್ಲ.

ಇದೇ ಅತ್ತಿಗೆಗೆ ರೈಶ್ ಮೊದಲ ಸಲವೇ ಹಿಡಿಸಿದ. ‘ಮ್ಯೂಸಿಕ್ ಫಾರ್ 18 ಮ್ಯುಸಿಷಿಯನ್ಸ್’ 1976ರಲ್ಲಿ ಮೊದಲ ಬಾರಿಗೆ ನುಡಿಸಿದ್ದು. ಹದಿನೆಂಟು ಜನರೆಂದರೆ ಕೆಲವೇ ವಾದ್ಯಗಳ ಚೇಂಬರ್ ಸಂಗೀತಕ್ಕೆ ತುಸು ದೊಡ್ಡ ಮೇಳವೇ. ಆದರೂ ಎದುರಿಗೆ ನಿಂತು ಕೈಬೀಸುವವರಿಲ್ಲ, ಒಬ್ಬರನ್ನೊಬ್ಬರು ಕೇಳಿಕೊಂಡೇ ನುಡಿಸಬೇಕು. ಭಾಗ ಬದಲಾಗುವ ಸೂಚನೆ ಕೊಡುವುದು ಲೋಹದ ಪಟ್ಟಿಗಳ ವೈಬ್ರಫೋನ್. ಆರಂಭದಲ್ಲಿ ಹನ್ನೊಂದು ಸ್ವರಗುಚ್ಛಗಳು ಒಂದಾದ ಮೇಲೊಂದು ಬಂದುಹೋಗುತ್ತವೆ. ಆಮೇಲೆ ಪ್ರತಿಯೊಂದನ್ನೂ ಹಿಗ್ಗಿಸಿ ಒಂದೊಂದು ಪುಟ್ಟ ರಚನೆ. ಕಂಠ ಮತ್ತು ಬಾಸ್ ಕ್ಲಾರಿನೆಟ್‌ಗಳ ಮಿಡಿತ ಒಂದು ಉಸಿರು ಇರುವಷ್ಟು ಹೊತ್ತು ಏರಿ ಇಳಿಯುತ್ತದೆ. “ಇದು ಉಸಿರಿನ ಲೆಕ್ಕದ್ದು, ಗಡಿಯಾರದ್ದಲ್ಲ” ಎಂದು ಅತ್ತಿಗೆ ಯಾರೂ ಹೇಳದೆಯೇ ಗುರುತಿಸಿದ್ದನ್ನು ಕೇಳಿ ನನಗೆ ರೋಮಾಂಚನವಾಯಿತು.

ಮಾವ ಮುಖ ಗಂಟು ಹಾಕಿದ್ದು ಇಲ್ಲಿ. ಅವರು ಭಜನೆಗೂ ಕಛೇರಿಗೂ ಮೃದಂಗ ನುಡಿಸಿದವರು, ಎಲ್ಲಿಂದ ಹಿಡಿದರೂ ಸಮಕ್ಕೆ, ಅಂದರೆ ತಾಳದ ಆವರ್ತದ ಮೊದಲ ಪೆಟ್ಟಿಗೆ, ತಂದು ನಿಲ್ಲಿಸುವ ಕೈ. ರೈಶ್‌ನ 1972ರ ‘ಕ್ಲ್ಯಾಪಿಂಗ್ ಮ್ಯೂಸಿಕ್’ ಬಗ್ಗೆ ಕೇಳಿದಾಗ, ಇಬ್ಬರು ಚಪ್ಪಾಳೆ ತಟ್ಟುವುದಷ್ಟೇ ಎಂದಾಗ, ಅವರು ನಕ್ಕರು. ಲೆಕ್ಕ ಸರಳವಾದದ್ದು. ಮೂರು ತಟ್ಟು, ಒಂದು ಬಿಡುವು. ಎರಡು ತಟ್ಟು, ಒಂದು ಬಿಡುವು. ಒಂದು ತಟ್ಟು, ಒಂದು ಬಿಡುವು. ಮತ್ತೆ ಎರಡು ತಟ್ಟು, ಒಂದು ಬಿಡುವು. ಹನ್ನೆರಡು ಮಾತ್ರೆ. ಒಬ್ಬ ಇದನ್ನೇ ಬದಲಿಸದೆ ತಟ್ಟುತ್ತಿರಬೇಕು. ಇನ್ನೊಬ್ಬ ಕೆಲವು ಆವರ್ತ ಜೊತೆಗಿದ್ದು, ಆಮೇಲೆ ಒಂದು ಮಾತ್ರೆ ಮುಂದಕ್ಕೆ ಜಾರಬೇಕು. ಅಲ್ಲಿ ಕೆಲವು ಆವರ್ತ, ಮತ್ತೆ ಒಂದು ಮಾತ್ರೆ. ಹನ್ನೆರಡನೆಯ ಜಾರಿಗೆ ಇಬ್ಬರೂ ಪುನಃ ಒಂದಾಗುತ್ತಾರೆ, ಅಲ್ಲಿಗೆ ಮುಗಿಯಿತು.

ಮಾವ ಜಾರುವ ಪಾಲು ತಮಗೆ ಬೇಕೆಂದರು. ಎರಡನೆಯ ಜಾರಿನವರೆಗೆ ಸರಿಯಾಗಿಯೇ ಹೋಯಿತು. ಮೂರನೆಯದರಲ್ಲಿ ಅವರ ಕೈ ತಾನಾಗಿಯೇ ಹುಡುಗನ ಮೊದಲ ಮಾತ್ರೆಯನ್ನು ಸಮವೆಂದು ಹಿಡಿದು ತನ್ನ ತಟ್ಟನ್ನು ಅದಕ್ಕೆ ಎಡುಪಾಗಿ, ಅಂದರೆ ಸಮ ಬಿಟ್ಟು ಎತ್ತಿಕೊಂಡದ್ದಾಗಿ, ಲೆಕ್ಕ ಹಾಕತೊಡಗಿತು. ಹಾಗೆ ಲೆಕ್ಕ ಹಾಕಿದರೆ ಕೈ ತಪ್ಪುವುದಿಲ್ಲ, ಆದರೆ ಸಂಗೀತ ಬೇರೆಯದಾಗಿಬಿಡುತ್ತದೆ. ರೈಶ್‌ಗೆ ಬೇಕಾದದ್ದು ಇಬ್ಬರಲ್ಲಿ ಯಾರ ಮೊದಲ ಮಾತ್ರೆಯೂ ಯಜಮಾನನಲ್ಲದ ಸ್ಥಿತಿ. ಕೇಳುವವರ ಕಿವಿ ಈಗ ಇವನದನ್ನು ಸಮವೆಂದುಕೊಳ್ಳಬೇಕು, ಮರುಗಳಿಗೆ ಅವನದನ್ನು. ಮಾವ ಚಪ್ಪಾಳೆ ನಿಲ್ಲಿಸಿದರು. “ಅಪ್ಪಿ, ಇದರಲ್ಲಿ ಸಮ ಯಾರದು? ಸಮವೇ ಇಲ್ಲವೆಂದ ಮೇಲೆ ಮುಕ್ತಾಯ ಎಲ್ಲಿಂದ ಬರಬೇಕು?” ಎಂದರು. ಗ್ಲಾಸ್‌ನ 1968ರ ‘ಟೂ ಪೇಜಸ್’ ಹಾಕಿದಾಗಲೂ ಅದೇ ತಕರಾರು. ಅದು ಐದು ಸ್ವರಗಳ ಒಂದು ಗುಂಪನ್ನು ಹಿಡಿದು, ಒಂದೊಂದಾಗಿ ಸ್ವರ ಸೇರಿಸುತ್ತಾ ಕಳೆಯುತ್ತಾ ಸಾಗುವ ರಚನೆ. “ಹಿಗ್ಗುತ್ತಾ ಹೋಗುವ ಸ್ರೋತೋವಹ, ಕುಗ್ಗುತ್ತಾ ಹೋಗುವ ಗೋಪುಚ್ಛ. ನಮ್ಮ ಯತಿಗಳೇ ಅಲ್ಲವೇ? ಆದರೆ ಯತಿ ಹಾಕುವುದು ಎಲ್ಲಿಗಾದರೂ ತಲುಪುವುದಕ್ಕೆ. ಈತ ತಲುಪುವುದೇ ಇಲ್ಲ.”

ಅದೇ ಮಾವ, ಕಾರ್ತಿಕದ ಒಂದು ರಾತ್ರಿ ರಾಯರು ವೆಬರ್ನ್‌ನ ಬಾಗಟೆಲ್‌ಗಳನ್ನು ಹಾಕಿದಾಗ ಮುಂದಕ್ಕೆ ಬಾಗಿ ಕೂತರು. ಮುಗಿದ ಕೂಡಲೇ ಮತ್ತೊಮ್ಮೆ ಹಾಕಿಸಿದರು. ಷಡ್ಜವಿಲ್ಲದ್ದು ಅವರಿಗೆ ಗಮನಕ್ಕೇ ಬರಲಿಲ್ಲ. ತಟ್ಟಿದ್ದಕ್ಕಿಂತ ಬಿಟ್ಟದ್ದೇ ಹೆಚ್ಚಾಗಿರುವ, ಒಂದು ಸ್ವರದ ಭಾರವನ್ನು ಅದರ ಹಿಂದಿನ ಮೌನದಿಂದ ಅಳೆಯಬೇಕಾದ ಆ ಸಂಗೀತ ಅವರಿಗೆ ತಟ್ಟನೆ ಅರ್ಥವಾಯಿತು. “ಈತನಿಗೆ ಕಾರ್ವೆ ಗೊತ್ತು” ಎಂದರು. ಕಾರ್ವೆಯೆಂದರೆ ಪೆಟ್ಟುಗಳ ನಡುವೆ ಅಳತೆಯಿಟ್ಟು ಬಿಡುವ ಬಿಡುವು. ಒಂದೇ ಹಾವಭಾವದಲ್ಲಿ ಒಂದು ಕಾದಂಬರಿ ಎಂದು ಈ ಬಾಗಟೆಲ್‌ಗಳ ಮುನ್ನುಡಿಯಲ್ಲಿ ಷೋನ್‌ಬರ್ಗ್ ಹೊಗಳಿದ್ದಾನೆ. ನನಗೆ ಮಾವನ ಮಾತೇ ಹೆಚ್ಚು ನಿಖರವೆನಿಸುತ್ತದೆ.

ಇಲ್ಲಿಗೆ ನನಗೆ ಚಿತ್ರ ಸ್ಪಷ್ಟವಾಯಿತು. ಶ್ರುತಿ ತಾಯಿ, ಲಯ ತಂದೆ ಎನ್ನುತ್ತೇವೆ. ಷೋನ್‌ಬರ್ಗ್ ಮತ್ತವನ ಶಿಷ್ಯರು ತಾಯಿಯನ್ನು ಬಿಟ್ಟು ಹೊರಟರು. ಅರವತ್ತರ ದಶಕದ ಅಮೆರಿಕದ ಮಿನಿಮಲಿಸ್ಟರು ತಾಯಿಯನ್ನು ಮರಳಿ ಕರೆತಂದರು. ಆದರೆ ತಂದೆಯ ಮಾತು ನಡೆಯದಂತೆ ಮಾಡಿದರು: ಬಡಿತ ಗಟ್ಟಿಯಾಗಿ ಉಳಿಯಿತು, ಗುರಿ ಹೋಯಿತು. ಅತ್ತಿಗೆಯಂಥ ಶ್ರುತಿಯವರು ನವ್ಯರಲ್ಲಿ ಉಸಿರುಗಟ್ಟುತ್ತಾರೆ, ಮಾವನಂಥ ಲಯದವರು ಮಿನಿಮಲಿಸ್ಟರಲ್ಲಿ. ಬುದ್ಧಿ, ಹೃದಯ, ಜನಪರತೆ ಎಂದು ನಾವು ಆಡುವ ಜಗಳದ ಬಹುಪಾಲು ಇದರ ಮೇಲೆ ಹೊದಿಸಿದ ಬಟ್ಟೆ. ಕಾರ್ನೆಗಿ ಹಾಲ್‌ನಲ್ಲಿ ಕೂಗಿದವರು ಕರ್ಕಶತೆಗೆ ಕೂಗಲಿಲ್ಲ. ಸಂಗೀತ ಎಲ್ಲಿಗೂ ಹೋಗದಿದ್ದದ್ದೇ ಅವರಿಗೆ ಸಹಿಸಲಾಗಲಿಲ್ಲ ಎಂದು ನಾನು ನಂಬುತ್ತೇನೆ.

ಇಬ್ಬರನ್ನೂ ಒಟ್ಟಿಗೆ ತಬ್ಬಿಬ್ಬುಗೊಳಿಸಿದ ಕೃತಿಯೂ ಒಂದಿದೆ. ಒಲಿವಿಯೆ ಮೆಸ್ಸಿಯಾನ್‌ನ ‘ಕಾಲಾಂತ್ಯದ ಕ್ವಾರ್ಟೆಟ್’. 1941ರ ಜನವರಿ 15ರಂದು ಗೋರ್ಲಿಟ್ಸ್‌ನ ಯುದ್ಧಕೈದಿಗಳ ಶಿಬಿರದಲ್ಲಿ, ಕೈದಿಗಳ ಮುಂದೆ ಕೈದಿಗಳೇ ನುಡಿಸಿದ್ದು. ಕ್ಲಾರಿನೆಟ್, ಪಿಟೀಲು, ಚೆಲ್ಲೊ, ಪಿಯಾನೊ. ಮೊದಲ ಭಾಗದಲ್ಲಿ ಪಿಯಾನೊ ಹಿಡಿದಿರುವ ಲಯಕ್ಕೆ ಆಧಾರ ಶಾರ್ಙ್ಗದೇವನ ‘ಸಂಗೀತರತ್ನಾಕರ’ದ ದೇಶೀ ತಾಳಗಳು: ರಾಗವರ್ಧನ, ಚಂದ್ರಕಲಾ, ಲಕ್ಷ್ಮೀಶ. ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಯಾದವರ ಆಸ್ಥಾನದಲ್ಲಿ ಕೂತು ಬರೆದ ತಾಳಗಳು ಪ್ಯಾರಿಸ್ಸಿನ ಒಬ್ಬ ಆರ್ಗನ್ ವಾದಕನ ಕೈಸೇರಿ ಕೈದಿಗಳ ಶಿಬಿರ ಮುಟ್ಟಿದವು. ಈ ಮೂರನ್ನು ಸೇರಿಸಿದರೆ ಹದಿನೇಳು ಅಳತೆಗಳ ಒಂದು ಸುತ್ತು. ಅದರ ಮೇಲೆ ಇಪ್ಪತ್ತೊಂಬತ್ತು ಸ್ವರಗುಚ್ಛಗಳ ಇನ್ನೊಂದು ಸುತ್ತು. ಮಾವ ಕವಳ ಉಗುಳಿ ಬಂದು ಲೆಕ್ಕ ಹಾಕಿದರು: ಹದಿನೇಳು, ಇಪ್ಪತ್ತೊಂಬತ್ತು, ಎರಡೂ ಯಾವುದರಿಂದಲೂ ಭಾಗವಾಗುವುದಿಲ್ಲ, ಮತ್ತೆ ಕೂಡಬೇಕಾದರೆ 493 ಹೆಜ್ಜೆ. ಸಂಗೀತ ಅದಕ್ಕೆ ಬಹಳ ಮೊದಲೇ ನಿಂತುಬಿಡುತ್ತದೆ. ಸಮ ಇದೆ, ಆದರೆ ಅದು ಬರುವ ಮುಂಚೆ ನಮ್ಮ ಹೊತ್ತು ಮುಗಿಯುತ್ತದೆ ಎಂಬುದನ್ನು ಮಾವ ಗ್ಲಾಸ್‌ನಲ್ಲಿ ಒಪ್ಪದವರು ಇಲ್ಲಿ ತಲೆದೂಗಿ ಒಪ್ಪಿದರು. ಮೇಲೆ ಕ್ಲಾರಿನೆಟ್ಟೂ ಪಿಟೀಲೂ ಹಕ್ಕಿಗಳ ಕೂಗನ್ನು ನುಡಿಸುತ್ತಿದ್ದವು. ಅತ್ತಿಗೆ ಕೇಳಿಸಿಕೊಂಡದ್ದು ಅದನ್ನೊಂದೇ.

ಇಂಥ ನಂಟುಗಳನ್ನು ಎತ್ತಿಕೊಂಡು ‘ಎಲ್ಲವೂ ನಮ್ಮದೇ’ ಎಂದು ಬೀಗುವವರನ್ನು ಕಂಡರೆ ನನಗೆ ಬೇಸರ. ರೈಶ್ 1970ರಲ್ಲಿ ಡೋಲು ಕಲಿಯಲು ಹೋದದ್ದು ಆಫ್ರಿಕದ ಘಾನಾಕ್ಕೆ, ಆಮೇಲೆ ಕಲಿತದ್ದು ಗಮೆಲನ್ ಎಂಬ ಬಾಲಿಯ ತಾಳವಾದ್ಯಗಳ ಮೇಳ. ಆದರೆ ನಂಟು ಇರುವಲ್ಲಿ ಅದನ್ನು ಹೇಳದಿರುವುದೂ ಸರಿಯಲ್ಲ. ಗ್ಲಾಸ್ ಪ್ಯಾರಿಸ್ಸಿನಲ್ಲಿ ರವಿಶಂಕರರ ಸಂಗೀತವನ್ನು ಪಾಶ್ಚಾತ್ಯ ಲಿಪಿಗೆ ಇಳಿಸುವ ಕೆಲಸ ಮಾಡುವಾಗಲೇ ಲಯವನ್ನು ಹೊಸದಾಗಿ ಕಂಡುಕೊಂಡ. ಟೆರ್ರಿ ರೈಲಿ 1970ರಿಂದ ಪಂಡಿತ್ ಪ್ರಾಣನಾಥರ ಶಿಷ್ಯನಾಗಿ ಉಳಿದ. ಪ್ರಾಣನಾಥರದು ಕಿರಾನಾ ಘರಾನೆ. ಅಬ್ದುಲ್ ಕರೀಂ ಖಾನರಿಂದ ಸವಾಯಿ ಗಂಧರ್ವರಿಗೆ, ಅವರಿಂದ ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿಯವರಿಗೆ ಬಂದ, ಘಟ್ಟದ ಸೆರಗಿನ ನಮಗೆ ಧಾರವಾಡದ ರೇಡಿಯೊದಲ್ಲಿ ಕೇಳಿ ಪರಿಚಯವಾದ ಅದೇ ಘರಾನೆ. ಒಂದು ಸ್ವರದ ಮೇಲೆ ನಿಂತು ಅದರ ಒಳಗನ್ನು ಬಿಡಿಸುವ ತಾಳ್ಮೆ ಮಿನಿಮಲಿಸ್ಟರಿಗೆ ಎಲ್ಲಿಂದ ಬಂತೆಂದು ಅತ್ತಿಗೆಗೆ ವಿವರಿಸಬೇಕಾಗಲಿಲ್ಲ.

ಹುಡುಗನಿಗೂ ರಾಯರಿಗೂ ಇಷ್ಟವಾಗದ ಇನ್ನೊಂದು ಸಂಗತಿ: ಈ ಎರಡು ಪಕ್ಷಗಳ ಬೇರು ಒಂದೇ ಕಡೆ ಇದೆ. ಮಿನಿಮಲಿಸಂನ ಮೊದಲ ಕೃತಿಯೆಂದು ಹಲವರು ಎಣಿಸುವ ಲಾ ಮಾಂಟ್ ಯಂಗ್‌ನ ‘ಟ್ರಿಯೊ ಫಾರ್ ಸ್ಟ್ರಿಂಗ್ಸ್’, 1958ರದು, ಯಾವ ಸ್ವರವನ್ನೂ ಆಧಾರವಾಗಿ ಹಿಡಿಯದ ಷೋನ್‌ಬರ್ಗ್‌ನ ಹನ್ನೆರಡು ಸ್ವರಗಳ ಪದ್ಧತಿಯಲ್ಲೇ ಬರೆದದ್ದು. ವೆಬರ್ನ್‌ನ ಮೌನಗಳನ್ನು ಮೆಚ್ಚಿದ ಯುವಕ ಅವನ ಚಿಕ್ಕ ಸ್ವರಗಳನ್ನು ನಿಮಿಷಗಟ್ಟಲೆ ಹಿಡಿದು ನಿಲ್ಲಿಸಿದ, ಅಷ್ಟೇ. ಎಸ್ಟೋನಿಯಾದ ಆರ್ವೊ ಪಾರ್ಟ್ 1960ರಲ್ಲಿ ಹನ್ನೆರಡು ಸ್ವರಗಳ ಪದ್ಧತಿಯಿಂದ ಆರಂಭಿಸಿ, 1976ರ ಹೊತ್ತಿಗೆ ಮೂರೇ ಸ್ವರಗಳ ಘಂಟಾನಾದಕ್ಕೆ ಬಂದ. ನವ್ಯರಲ್ಲೇ ದೊಡ್ಡವನಾದ ಹಂಗೇರಿಯ ಲಿಗೆಟಿ 1976ರಲ್ಲಿ ಎರಡು ಪಿಯಾನೊಗಳಿಗೆ ಬರೆದ ಒಂದು ರಚನೆಗೆ ‘ರೈಶ್ ಮತ್ತು ರೈಲಿಯ ಜೊತೆ ನನ್ನ ಭಾವಚಿತ್ರ, ಶೋಪಾನೂ ಇದ್ದಾನೆ’ ಎಂಬರ್ಥದ ಹೆಸರಿಟ್ಟ. ಬರೆಯುವವರು ಹೀಗೆ ಬೇಲಿ ದಾಟಿ ಓಡಾಡುತ್ತಿದ್ದರು. ಬೇಲಿ ಕಾಯುತ್ತಾ ನಿಂತವರು ಹೆಚ್ಚಾಗಿ ಕೇಳುವವರು.

ನಾನು ಯಾವ ಕಡೆ? ಒತ್ತಿ ಕೇಳಿದರೆ, ಬಾರ್ತೋಕ್‌ನ 1928ರ ನಾಲ್ಕನೆಯ ಕ್ವಾರ್ಟೆಟ್ ಇರುವ ಕಡೆ. ಅದರ ನಾಲ್ಕನೆಯ ಭಾಗದಲ್ಲಿ ಯಾರೂ ಕಮಾನು ಮುಟ್ಟುವುದಿಲ್ಲ, ಎಲ್ಲ ಬೆರಳಿನಿಂದಲೇ. ಕೆಲವೆಡೆ ತಂತಿಯನ್ನು ಎಷ್ಟು ಜೋರಾಗಿ ಎಳೆದು ಬಿಡಬೇಕೆಂದರೆ ಅದು ಮರಕ್ಕೆ ಬಡಿದು ಚಟ್ ಎನ್ನಬೇಕು. ಮೂರನೆಯ ಭಾಗ ರಾತ್ರಿಯ ಸಂಗೀತ: ಅಲುಗದೆ ನಿಂತ ಸ್ವರಗಳ ಮೇಲೆ ಚೆಲ್ಲೊ ಒಂಟಿಯಾಗಿ ಮಾತಾಡುತ್ತದೆ. ಗ್ಲಾಸ್‌ನ ಕ್ವಾರ್ಟೆಟ್‌ಗಳು ನನ್ನನ್ನು ಅಷ್ಟು ಹೊತ್ತು ಹಿಡಿದಿಡುವುದಿಲ್ಲ. 1985ರ ಮೂರನೆಯದು, ಸಿನಿಮಾಕ್ಕೆಂದು ಬರೆದದ್ದು, ಸುಂದರವಾಗಿದೆ ನಿಜ. ಆದರೆ ಮೊದಲ ಸಲ ಕೊಟ್ಟದ್ದಕ್ಕಿಂತ ಹೆಚ್ಚನ್ನು ಅದು ನನಗೆ ಆಮೇಲೆ ಕೊಡಲಿಲ್ಲ. ಅಣ್ಣನ ಮಗ ಇದನ್ನು ಓದಿದರೆ ಸಿಟ್ಟಾಗುತ್ತಾನೆ, ಆಗಲಿ.

ಕಾರ್ಟರ್ ವಿಷಯದಲ್ಲಿ ರಾಯರ ಪಕ್ಷ ನನ್ನದು, ಅದಕ್ಕೆ ಕಾರಣ ತಾಳಮದ್ದಲೆ. ಯಕ್ಷಗಾನ ಮೇಳಗಳು ತಿರುಗಾಟ ನಿಲ್ಲಿಸಿದ ಮಳೆಗಾಲದಲ್ಲಿ ವೇಷವಿಲ್ಲದೆ, ಕುಣಿತವಿಲ್ಲದೆ, ಕೂತಲ್ಲೇ ನಡೆಯುವ ಆ ಕಲೆಯನ್ನು ಕೇಳಿ ಬೆಳೆದವರಿಗೆ ಕಾರ್ಟರ್‌ನ 1959ರ ಎರಡನೆಯ ಕ್ವಾರ್ಟೆಟ್ ಅಪರಿಚಿತವಲ್ಲ. ಅಲ್ಲಿ ನಾಲ್ಕು ವಾದ್ಯಗಳಿಗೆ ನಾಲ್ಕು ಸ್ವಭಾವ. ಮೊದಲ ಪಿಟೀಲು ಆಡಂಬರದ್ದು, ಏರಿ ಹಾರುವಂಥದ್ದು. ಎರಡನೆಯದು ಗಡಿಯಾರದಷ್ಟು ಕಟ್ಟುನಿಟ್ಟು. ವಿಯೋಲಾ ಸದಾ ಅಳಲು ತೋಡಿಕೊಳ್ಳುವುದು, ಚೆಲ್ಲೊ ದುಡುಕಿನದು. ಒಬ್ಬರು ಪದ್ಯ ಎತ್ತಿಕೊಂಡರೆ ಉಳಿದವರು ತಮ್ಮ ಸ್ವಭಾವ ಬಿಡದೆ ಎದುರು ಅರ್ಥ ಹೇಳುತ್ತಾರೆ. ರಾಗವನ್ನೂ ಸಮವನ್ನೂ ಹುಡುಕುವುದನ್ನು ಬಿಟ್ಟು, ಈಗ ಯಾರು ಯಾರ ಮಾತನ್ನು ತುಂಡರಿಸಿದರು ಎಂದು ಗಮನಿಸತೊಡಗಿದರೆ ಅದು ತಾನಾಗಿ ತೆರೆದುಕೊಳ್ಳುತ್ತದೆ. ಮಾವನಿಗೆ ಹಾಗೆ ಹೇಳಿದ್ದೇ ತಡ, ಎರಡನೆಯ ಪಿಟೀಲಿನ ಪಕ್ಷ ವಹಿಸಿಬಿಟ್ಟರು.

ಆದರೆ ಬಾರ್ತೋಕ್ ಆದ ಮೇಲೆ ಈ ನಾಲ್ಕು ವಾದ್ಯಗಳಿಗೆ ಬಂದ ಅತಿ ಶ್ರೇಷ್ಠ ಕೃತಿ ಯಾವುದೆಂದು ಕೇಳಿದರೆ ನನ್ನ ಉತ್ತರ ಒಬ್ಬ ಮಿನಿಮಲಿಸ್ಟನದು. ರೈಶ್‌ನ ‘ಡಿಫರೆಂಟ್ ಟ್ರೇನ್ಸ್’, 1988, ಕ್ರೋನೋಸ್ ಕ್ವಾರ್ಟೆಟ್‌ಗಾಗಿ ಬರೆದದ್ದು. ರೈಶ್ ಚಿಕ್ಕ ಮಗುವಾಗಿದ್ದಾಗ ತಂದೆತಾಯಿ ಬೇರೆಯಾದರು. ಒಬ್ಬರು ನ್ಯೂಯಾರ್ಕಿನಲ್ಲಿ, ಇನ್ನೊಬ್ಬರು ಲಾಸ್ ಏಂಜಲೀಸ್‌ನಲ್ಲಿ. 1939ರಿಂದ 1942ರವರೆಗೆ ಮಗು ತನ್ನನ್ನು ನೋಡಿಕೊಳ್ಳುವವಳ ಜೊತೆ ರೈಲಿನಲ್ಲಿ ಆ ಊರಿಂದ ಈ ಊರಿಗೆ ಓಡಾಡಿತು. ಅದೇ ವರ್ಷಗಳಲ್ಲಿ ಯುರೋಪಿನಲ್ಲಿದ್ದಿದ್ದರೆ ಯಹೂದಿಯಾದ ತಾನು ಹತ್ತುತ್ತಿದ್ದ ರೈಲು ಬೇರೆಯದಾಗಿರುತ್ತಿತ್ತು ಎಂಬ ಅರಿವಿನಿಂದ ಹುಟ್ಟಿದ ಕೃತಿ ಇದು. ಅವನನ್ನು ನೋಡಿಕೊಂಡ ಹೆಂಗಸು, ನಿವೃತ್ತ ರೈಲ್ವೆ ಕೆಲಸಗಾರ, ನಾಜಿ ಶಿಬಿರಗಳಿಂದ ಬದುಕಿ ಬಂದವರು: ಇವರ ಮಾತಿನ ತುಣುಕುಗಳನ್ನು ರೈಶ್ ಧ್ವನಿಮುದ್ರಣಗಳಿಂದ ಆಯ್ದುಕೊಂಡ. ಆ ಮಾತಿನ ಏರಿಳಿತವನ್ನೇ ಸ್ವರವಾಗಿ ಬರೆದುಕೊಂಡು ವಾದ್ಯಗಳಿಗೆ ಕೊಟ್ಟ. ಹೆಂಗಸರ ಮಾತಿಗೆ ವಿಯೋಲಾ, ಗಂಡಸರ ಮಾತಿಗೆ ಚೆಲ್ಲೊ. ಸುತ್ತ ರೈಲಿನ ಕೂಗು. ಅಮೆರಿಕದ ಮೊದಲ ಭಾಗದಲ್ಲಿ ಅದು ಪ್ರಯಾಣದ ಸೀಟಿ, ಎರಡನೆಯ ಭಾಗದಲ್ಲಿ ಸೈರನ್ನು.

ಇದನ್ನು ಕೇಳುವಾಗ ಅತ್ತಿಗೆ ಎರಡು ಮಾತು ಹೇಳಿದರು, ಒಂದಕ್ಕೊಂದು ವಿರುದ್ಧವಾದವು. ಮೊದಲನೆಯದು, “ಇದು ಗಮಕ.” ಗಮಕದಲ್ಲಿ ರಾಗ ಕಾವ್ಯದ ಮುಂದೆ ನಡೆಯಬಾರದು, ಮಾತಿನ ಏರಿಳಿತದಿಂದಲೇ ರಾಗ ಹೊರಡಬೇಕು, ಒಂದಕ್ಷರವೂ ಮಸುಕಾಗಬಾರದು. ಚೆಲ್ಲೊ ಮಾತನ್ನು ಹಿಂಬಾಲಿಸುವ ರೀತಿಯಲ್ಲಿ ಅವರಿಗೆ ತಮ್ಮ ಗುರುಗಳ ಪಾಠ ಕೇಳಿಸಿತು. ಎರಡನೆಯದು, ಎರಡನೆಯ ಭಾಗ ಮುಗಿದ ಮೇಲೆ: “ಇಷ್ಟು ಸಂಕಟದ ಮಾತನ್ನು ಇಷ್ಟು ಸಲ ಹೇಳಿಸಬಾರದಿತ್ತು. ನಾಲ್ಕನೆಯ ಸಲಕ್ಕೆ ಅದು ಬರೀ ಸದ್ದಾಗುತ್ತದೆ.” ಹುಡುಗ ಒಪ್ಪಲಿಲ್ಲ. “ಹಾಗಲ್ಲ ಅಮ್ಮ, ಮೊದಲ ಸಲ ನಾವು ಮಾತನ್ನು ಕೇಳುತ್ತೇವೆ, ಆಮೇಲೆ ದನಿಯನ್ನು ಕೇಳುತ್ತೇವೆ. ಆ ದನಿ ಒಬ್ಬ ಮನುಷ್ಯನದು” ಎಂದ. ಮಿನಿಮಲಿಸ್ಟರ ಪರವಾಗಿ ನಾನು ಕೇಳಿದ ವಾದಗಳಲ್ಲಿ ಇಷ್ಟು ಗಟ್ಟಿಯಾದದ್ದು ಇನ್ನೊಂದಿಲ್ಲ. ಅತ್ತಿಗೆಯ ಆಕ್ಷೇಪವೂ ಅಷ್ಟೇ ಗಟ್ಟಿಯಾದದ್ದು. ನನ್ನ ಮನಸ್ಸು ಹುಡುಗನ ಕಡೆ ವಾಲುತ್ತದೆ. ಆದರೆ ಶಿಬಿರದಿಂದ ಬದುಕಿ ಬಂದವರ ಮಾತು ಬಂದಾಗಲೆಲ್ಲ ಅತ್ತಿಗೆಯ ಪ್ರಶ್ನೆ ಎದುರು ನಿಲ್ಲುತ್ತದೆ.

ನಾವು ಕೇಳುವುದೆಲ್ಲ ಮುದ್ರಿತ ಸಂಗೀತ ಎಂಬುದು ನಿಜವಾದ ಕೊರತೆ. ನಾಲ್ಕು ಜನ ಒಬ್ಬರ ಕಣ್ಣನ್ನೊಬ್ಬರು ನೋಡುತ್ತಾ, ಉಸಿರೆಳೆದು ಒಟ್ಟಿಗೆ ಕಮಾನು ಇಡುವುದನ್ನು ಹತ್ತಿರದಿಂದ ನೋಡದೆ ಚೇಂಬರ್ ಸಂಗೀತ ಪೂರ್ತಿಯಾಗಿ ಕೇಳಿದಂತಾಗುವುದಿಲ್ಲ. ಹೆಗ್ಗೋಡಿನ ನೀನಾಸಂ ಅಂಗಳದಲ್ಲಿ ಲೋಕದ ನಾಟಕಗಳನ್ನೆಲ್ಲ ನೋಡಲು ಸಾಧ್ಯವಾದ ಜಿಲ್ಲೆ ನಮ್ಮದು. ಒಂದು ಕ್ವಾರ್ಟೆಟ್ ಮೇಳ ಶಿವಮೊಗ್ಗದ ಕುವೆಂಪು ರಂಗಮಂದಿರಕ್ಕೋ ಹೆಗ್ಗೋಡಿಗೋ ಬಂದು ಬಾರ್ತೋಕನ್ನೂ ರೈಶ್‌ನನ್ನೂ ಒಂದೇ ಸಂಜೆ ನುಡಿಸಲಿ ಎಂದು ನನಗೆ ಬಹಳ ಆಸೆಯಿದೆ.

ಸದ್ಯಕ್ಕೆ ನಮ್ಮ ಜಗಲಿಯಲ್ಲಿ ಎದ್ದಿರುವ ಪ್ರಶ್ನೆ ಅಮೆರಿಕದ ರಚನೆಕಾರ ಮಾರ್ಟನ್ ಫೆಲ್ಡ್‌ಮನ್‌ನದು. 1950ರಲ್ಲಿ ನ್ಯೂಯಾರ್ಕಿನ ಒಂದು ಕಛೇರಿಯಲ್ಲಿ ವೆಬರ್ನ್‌ನ ಸಿಂಫನಿ ಮುಗಿದ ಕೂಡಲೇ ಎದ್ದು ಹೊರಬಂದ ಯುವಕ ಫೆಲ್ಡ್‌ಮನ್‌ಗೆ ಹಾಗೆಯೇ ಎದ್ದು ಬಂದ ಇನ್ನೊಬ್ಬ ರಚನೆಕಾರ ಜಾನ್ ಕೇಜ್ ಸಿಕ್ಕಿದ, ಇಬ್ಬರೂ ಗೆಳೆಯರಾದರು. ಅವನ ಸಂಗೀತದಲ್ಲಿ ವೆಬರ್ನ್‌ನ ಮೆಲುದನಿ ಇದೆ, ಮಿನಿಮಲಿಸ್ಟರ ಪುನರಾವೃತ್ತಿ ಇದೆ. ಆದರೆ ಪ್ರತಿ ಸಲವೂ ಏನೋ ಒಂದಿಷ್ಟು ವ್ಯತ್ಯಾಸ, ಅವನು ಇಷ್ಟಪಟ್ಟು ಕೂಡಿಟ್ಟ ಅನಟೋಲಿಯಾದ ಜಮಖಾನಗಳ ಬಣ್ಣದಲ್ಲಿರುವಂಥದ್ದು. ಹಿಡಿಯಲು ಷಡ್ಜವಿಲ್ಲ, ಕಾಯಲು ಸಮವಿಲ್ಲ. 1983ರ ಅವನ ಎರಡನೆಯ ಸ್ಟ್ರಿಂಗ್ ಕ್ವಾರ್ಟೆಟ್ ಪೂರ್ತಿ ನುಡಿಸಿದರೆ ಸುಮಾರು ಆರು ಗಂಟೆ. ಬರುವ ಶಿವರಾತ್ರಿಯ ಜಾಗರಣೆಗೆ ಅದನ್ನು ಹಾಕೋಣವೆಂದು ಹುಡುಗ ಹೇಳುತ್ತಿದ್ದಾನೆ. ಇರುಳಿಡೀ ಆಟ ನೋಡಿದವರಿಗೆ ಆರು ಗಂಟೆ ಏನು ಮಹಾ ಎಂದು ಅತ್ತಿಗೆ ಒಪ್ಪಿದ್ದಾರೆ. ರಾಯರು ಒಪ್ಪಿಲ್ಲ, ಅವರ ಪ್ರಕಾರ ಫೆಲ್ಡ್‌ಮನ್ ನವ್ಯನೇ ಅಲ್ಲ. ಮಾವ ಇನ್ನೂ ಏನೂ ಹೇಳಿಲ್ಲ. ಮೊದಲ ಅರ್ಧ ಗಂಟೆ ಕೇಳಿಸು, ಆಮೇಲೆ ಹೇಳುತ್ತೇನೆ ಎಂದಿದ್ದಾರೆ.